ಹೊರುವ ಕೈ

ನಮ್ಮೂರಲ್ಲಿ ಯಾರೂ ಬರಿಗೈ ಚಾಚಿ "ಕೊಡು ಇಲ್ಲಿ" ಅನ್ನುವುದಿಲ್ಲ. ಅಂಗಡಿಯವನು ಚಿಲ್ಲರೆಯನ್ನು ತಟ್ಟೆಯಲ್ಲಿಟ್ಟು ಮುಂದಕ್ಕೆ ತಳ್ಳುತ್ತಾನೆ. ಬಸ್ಸಿನ ಕಂಡಕ್ಟರು ಟಿಕೇಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಕೊಡುತ್ತಾನೆ. ಬೀಗರು ಬಂದರೂ ದೂರದಿಂದಲೇ ಕೈ ಮುಗಿಯುತ್ತೇವೆ. ಅಂಗೈಗೆ ಅಂಗೈ ಸೇರಿಸಿ ಆ ಮಾತಾಡಿದರೆ ಎದುರಿನವರ ನೋವು ನಮ್ಮ ಮೈಗೆ ಬಂದುಬಿಡುತ್ತದೆ. ಬರೀ ನೋವಲ್ಲ, ಅದರ ಕುಂಟು, ಅದರ ನಡುಕ ಎಲ್ಲವೂ ಬರುತ್ತವೆ. ಹೊತ್ತವರು ಒಂದು ಗಳಿಗೆ ಕಣ್ಣು ಮುಚ್ಚಿ ನಿದ್ದೆ ಹೋದರೆ ಸಾಕು, ಅದು ತಾನಾಗಿ ಒಡೆಯರ ಮೈಗೆ ವಾಪಸು. ಹೆರಿಗೆ ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ಅತ್ತೆ ಸಾಲಾಗಿ ಕೂತು ಸರದಿಯ ಮೇಲೆ ಕೈ ಕೊಡುತ್ತಾರೆ. ಹಲ್ಲು ಕೀಳಿಸಲು ಹೋಗುವವನು ಹಿಂದಿನ ದಿನವೇ ಭಾವಮೈದುನನನ್ನು ಊಟಕ್ಕೆ ಕರೆದು ಹೋಳಿಗೆ ಬಡಿಸುತ್ತಾನೆ. ಹೋಳಿಗೆ ಕಂಡ ಭಾವಮೈದುನ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾನೆ.

ಇದಕ್ಕೆ ಇರುವುದು ಒಂದೇ ಬೀಗ. ಕೋರ್ಟಿನ ಕಟಕಟೆಯಲ್ಲಿ ನಿಂತು, ಪ್ರಮಾಣ ಮಾಡಿ, ಇಂಥವರ ನೋವು ನಾನು ಹೊರುವುದಿಲ್ಲ ಅಂದರೆ ಮುಗಿಯಿತು. ಆ ಎರಡು ಕೈಗಳ ನಡುವೆ ಮತ್ತೆಂದೂ ಏನೂ ದಾಟುವುದಿಲ್ಲ. ಎಣ್ಣೆ ಗಾಣದ ಮನೆಯ ಅಣ್ಣತಮ್ಮಂದಿರು ಒಂದು ಗೋಡೆಯ ಜಗಳದಲ್ಲಿ ಕಟಕಟೆ ಹತ್ತಿ ಒಬ್ಬರಿಗೊಬ್ಬರು ಹಾಗೆ ಅಂದರು. ಆಮೇಲೆ ಅಣ್ಣನಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿ ನೆಲದ ಮೇಲೆ ಹೊರಳಾಡುವಾಗ ತಮ್ಮ ಓಡಿ ಬಂದ. ಕೈ ಹಿಡಿದು "ಕೊಡಣ್ಣ ಇಲ್ಲಿ, ಕೊಡಣ್ಣ" ಅಂತ ಬೀದಿಗೆಲ್ಲ ಕೇಳುವ ಹಾಗೆ ಅತ್ತ. ಏನೂ ಬರಲಿಲ್ಲ. ಅಂದಿನಿಂದ ನಮ್ಮೂರಲ್ಲಿ ಎಷ್ಟೇ ಕೆಟ್ಟ ಜಗಳವಾದರೂ ಕೋರ್ಟಿನ ಮೆಟ್ಟಿಲು ಕಂಡರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಾನು ಹೊನ್ನಮ್ಮ. ಬೇಕರಿಯಲ್ಲಿ ಮೈದಾ ನಾದುವ ಕೆಲಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅಟ್ಟದ ಮೇಲಿನ ಮೈದಾ ಮೂಟೆ ಜಾರಿ ಬಗ್ಗಿದ್ದ ನನ್ನ ಸೊಂಟದ ಮೇಲೆ ಬಿತ್ತು. ಆವತ್ತಿನಿಂದ ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೆ ಕಾದ ಕಂಬಿ ಎಳೆದ ಹಾಗೆ ನೋವು. ನಿಂತರೆ ಕಾಲು ಮಡಚಿಕೊಳ್ಳುತ್ತದೆ, ಕೂತರೆ ಉರಿಯುತ್ತದೆ, ಮಲಗಿದರೆ ಎರಡೂ. ಬೇಕರಿಯ ಯಜಮಾನರು ಒಂದು ತಿಂಗಳು ವಾರಕ್ಕೊಂದು ಬ್ರೆಡ್ಡು ಕಳಿಸಿದರು. ಆಮೇಲೆ ಅವರಿಗೂ ಮರೆತುಹೋಯಿತು, ಬ್ರೆಡ್ಡಿಗೂ ಮರೆತುಹೋಯಿತು.

ಮನೆಯಲ್ಲಿ ಇರುವುದು ನಾನು ಮತ್ತು ನನ್ನ ನಾದಿನಿ ದಾಕ್ಷಿ. ನನ್ನ ಗಂಡ ತೀರಿಕೊಂಡ ಮೇಲೆ ಅತ್ತಿಗೆ ನಾದಿನಿ ಒಂದು ಸೂರಿನಡಿ ಬಾಳುವುದುಂಟೇ ಅಂತ ಊರು ಮೂಗಿನ ಮೇಲೆ ಬೆರಳಿಟ್ಟಿತು. ನಾವು ಜಗಳವಾಡಿಕೊಂಡೇ ಬಾಳಿದೆವು. ಅವಳು ಬ್ಲೌಸು ಹೊಲಿಯುತ್ತಾಳೆ, ಕಾಲಲ್ಲಿ ತುಳಿಯುವ ಮಿಷನ್ನು. ವಾರವಿಡೀ ನನ್ನ ನೋವು ನನ್ನದೇ, ಹಾಗಂತ ನಾನೇ ಕಟ್ಟುನಿಟ್ಟು ಮಾಡಿದ್ದೆ. ಆದರೆ ಭಾನುವಾರ ಮಧ್ಯಾಹ್ನ ಅವಳು ಚಾಪೆಯ ಪಕ್ಕ ಬಂದು ಕೂತು ಕೈ ಚಾಚುವಳು. "ಕೊಡಿ ಇಲ್ಲಿ" ಅನ್ನುವಳು. ನಾನು ಸಂಜೆಯವರೆಗೆ ಸತ್ತ ಹಾಗೆ ಮಲಗುವೆ. ಅವಳು ಗೋಡೆಗೊರಗಿ, ತುಟಿ ಕಚ್ಚಿಕೊಂಡು, ನಿದ್ದೆ ಬರಬಾರದೆಂದು ಹಸಿಮೆಣಸಿನಕಾಯಿ ಅಗಿಯುತ್ತಾ ಕೂರುವಳು. ಆ ಮೂಟೆ ಬಿದ್ದಂದಿನಿಂದ ನಾನು ನಿಜವಾಗಿ ನಿದ್ದೆ ಮಾಡಿದ್ದೆಲ್ಲ ಅವಳ ಎಚ್ಚರದ ಮೇಲೆ.

ದುಡಿಯಲಾಗದವರಿಗೆ ಸರ್ಕಾರದ ಮಾಸಾಶನ ಉಂಟೆಂದು ಕೇಳಿ ಅರ್ಜಿ ಹಾಕಿದೆ. ಡಾಕ್ಟರುಗಳ ಬೋರ್ಡು ಪರೀಕ್ಷೆಗೆ ಕರೆಯಿತು. ಕಾಲಿಲ್ಲದವರನ್ನು ನೋಡುವ ಬೋರ್ಡನ್ನು ಮೂರನೇ ಮಹಡಿಯಲ್ಲಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಮೊದಲನೇ ಮೆಟ್ಟಿಲಿಗೇ ನನ್ನ ಕಾಲು ಮಡಚಿತು. ದಾಕ್ಷಿ ಹಿಂದೆಮುಂದೆ ನೋಡದೆ ಕೈ ಹಿಡಿದಳು, "ಕೊಡಿ ಇಲ್ಲಿ, ಮೇಲೆ ಹತ್ತೋವರೆಗೆ" ಅಂದಳು. ನಾನು ಹತ್ತಿದೆ. ಅವಳು ಅಲ್ಲೇ ಮೆಟ್ಟಿಲ ಬುಡದಲ್ಲಿ ಕುಸಿದಳು. ನೋವು ಕೆಳಗೆ ಉಳಿಯಿತು, ನಾನು ಮೇಲೆ ಹೋಗಿ ಡಾಕ್ಟರ ಮುಂದೆ ನಿಂತೆ. ಅವರು ಸುತ್ತಿಗೆಯಲ್ಲಿ ಮಂಡಿ ಬಡಿದರು, ಸೂಜಿಯಲ್ಲಿ ಪಾದ ಚುಚ್ಚಿದರು. "ಚೆನ್ನಾಗಿದೀರಲ್ಲಮ್ಮ" ಅಂದರು. ಅರ್ಜಿ ವಜಾ ಆಯಿತು.

ನಿಜ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳುವ ಹಾಗಿಲ್ಲ. ಮನೆಯಲ್ಲಿ ಮನಸಾರೆ ಹೊರುವ ಕೈ ಒಂದಿದ್ದರೆ ಮಾಸಾಶನವಿಲ್ಲ ಅನ್ನುವುದು ಕಾನೂನು. ಇಲ್ಲ ಅನ್ನುವುದಷ್ಟೇ ಅಲ್ಲ, ಆ ಕೈಯವರ ಹೆಸರನ್ನು ರಿಜಿಸ್ಟರಿಗೆ ಹತ್ತಿಸುತ್ತಾರೆ. ಆಮೇಲೆ ಹೊರುವುದು ಪ್ರೀತಿಯಲ್ಲ, ಕಟ್ಟಳೆ. ನಮ್ಮ ಎದುರು ಮನೆಯ ಸೊಸೆ ಹಾಗೆ ರಿಜಿಸ್ಟರಿಗೆ ಹತ್ತಿದವಳು. ಮಾವನ ಸಂಧಿವಾತ ಹೊತ್ತುಕೊಂಡು ದಿನ ಬಿಟ್ಟು ದಿನ ಕಚೇರಿಗೆ ಹೋಗಿ ತೋರಿಸಿ ಬರಬೇಕು. ಇಪ್ಪತ್ತೈದರ ಹುಡುಗಿ ಗೋಡೆ ಹಿಡಿದು ನಡೆಯುವುದನ್ನು ದಿನಾ ನೋಡುತ್ತೇನೆ. ಮಾವ ಜಗುಲಿಯ ಮೇಲೆ ಕೂತು ಯಾರ ಮುಖವನ್ನೂ ನೋಡುವುದಿಲ್ಲ. ದಾಕ್ಷಿಗೆ ಆ ಗತಿ ಬಂದರೆ ಅವಳ ಮಿಷನ್ನಿಗೆ ತುಕ್ಕು ಹಿಡಿಯುತ್ತದೆ, ನಮ್ಮಿಬ್ಬರ ಹೊಟ್ಟೆಗೂ ಕಲ್ಲು ಬೀಳುತ್ತದೆ. ಅದಕ್ಕೇ ಅವಳ ಹೆಸರೆತ್ತದೆ ಮೇಲ್ಮನವಿ ಹಾಕಿದೆ.

ವಕೀಲರನ್ನು ಹಿಡಿಯಲು ನೋಡಲಿಲ್ಲ ಅಂತಲ್ಲ. ನಮ್ಮೂರ ವಕೀಲರು ಕಕ್ಷಿದಾರರ ನೋವು ತಾವೇ ಹೊತ್ತು ನ್ಯಾಯಾಧೀಶರ ಮುಂದೆ ನಿಂತು ವಾದಿಸುತ್ತಾರೆ, ಅದೇ ಅವರ ಕಸುಬು. ಮೃತ್ಯುಂಜಯಪ್ಪನವರು ಈ ಕೆಲಸದಲ್ಲಿ ಪಳಗಿದವರು. ಅವರ ಕಚೇರಿಯಲ್ಲಿ ನನ್ನ ಅಂಗೈ ಹಿಡಿದು ಗತ್ತಿನಿಂದ "ಕೊಡಮ್ಮ ಇಲ್ಲಿ" ಅಂದರು. ಮರುಕ್ಷಣ ಮೇಜಿನ ಮೇಲೆ ಬೋರಲು ಬಿದ್ದರು.

"ವಾಪಸ್ ತಗೊಳ್ಳಿ! ತಗೊಳ್ಳಿ ತಾಯಿ! ಇದು ನನ್ನ ಕೈಲಾಗಲ್ಲ!"

ವಾಪಸು ತಗೊಂಡೆ. "ಹಾಗಾದ್ರೆ ಬಂದು ಸಾಕ್ಷಿ ಹೇಳಿ ಸ್ವಾಮಿ, ನೀವೇ ಉಂಡು ನೋಡಿದ್ರಲ್ಲ" ಅಂದೆ. ಅವರು ಕನ್ನಡಕ ಒರೆಸಿಕೊಂಡರು. ಕೈಲಾಗಲಿಲ್ಲ ಅಂತ ಕೋರ್ಟಿನಲ್ಲಿ ಒಪ್ಪಿಕೊಂಡ ವಕೀಲರ ಹತ್ತಿರ ಮತ್ಯಾರು ಹೋಗುತ್ತಾರೆ? ಸುದ್ದಿ ಹರಡಿ ಉಳಿದ ವಕೀಲರೂ ನನ್ನನ್ನು ಕಂಡರೆ ಕೈ ಜೇಬಿಗೆ ಇಳಿಸತೊಡಗಿದರು. ನನ್ನ ವಾದ ನಾನೇ ಮಾಡುವುದು ಅಂತ ಆಯಿತು.

ಹೆದರಿಕೆ ಅಂದರೆ ಏನೆಂದು ಆ ವಾರ ಗೊತ್ತಾಯಿತು. ನೋವು ಹೊತ್ತು ಮಾತಾಡಿದರೆ ಮಾತು ತಪ್ಪುತ್ತದೆ, ತಪ್ಪಿದರೆ ಕೇಸು ಹೋಗುತ್ತದೆ. ತಪ್ಪದೆ ಮಾತಾಡಿದರೆ, ಇಷ್ಟು ಚೆನ್ನಾಗಿ ವಾದ ಮಾಡುವವಳಿಗೆ ಏನು ಧಾಡಿ ಅನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಒಲೆಯ ಮುಂದೆ ಕೂತು ಹೇಳಬೇಕಾದ್ದನ್ನು ಬಾಯಿಪಾಠ ಮಾಡುವೆ, ಅನ್ನ ಸೀದು ವಾಸನೆ ಬಂದರೂ ತಿಳಿಯುತ್ತಿರಲಿಲ್ಲ. ಯಾವುದಕ್ಕೂ ಇರಲಿ ಅಂತ ದಾಕ್ಷಿಯ ಹತ್ತಿರ ಆಣೆ ಹಾಕಿಸಿಕೊಂಡೆ.

"ಕೋರ್ಟು ಮುಗಿಯೋವರೆಗೂ ನನ್ನ ಕೈ ಮುಟ್ಟಬಾರದು. ಮಿಷನ್ ಮೇಲೆ ಕೈಯಿಟ್ಟು ಹೇಳು."

"ಆಯ್ತು ಅತ್ತಿಗೆ, ಮಿಷನ್ ಮೇಲಾಣೆ. ನಿಮ್ಮ ಕೈ ಯಾರಿಗೆ ಬೇಕು, ಸೌಟು ಹಿಡಿದು ಕರೀ ಬಣ್ಣ ಆಗಿದೆ."

ವಿಚಾರಣೆಯ ದಿನ ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಕೂತೆವು. ರಾತ್ರಿಯಿಡೀ ರೆಪ್ಪೆ ಮುಚ್ಚಿರಲಿಲ್ಲ. ಒಂದೊಂದೇ ಕೇಸು ಕೂಗುತ್ತಿದ್ದರು. ಫ್ಯಾನಿನ ಗಾಳಿಗೆ ಯಾವಾಗ ಕಣ್ಣು ಹತ್ತಿತೋ ಕಾಣೆ. "ಹೊನ್ನಮ್ಮಾ! ಹೊನ್ನಮ್ಮಾ!" ಅಂತ ಜವಾನ ಕೂಗಿದಾಗ ಬೆಚ್ಚಿ ಎದ್ದು ಬಾಗಿಲಿಗೆ ಓಡಿದೆ. ಬಾಗಿಲಲ್ಲಿ ಜವಾನ ಒಳಗೆ ಹೋಗುವವರ ಅಂಗೈಗೆಲ್ಲ ನೀಲಿ ಮಸಿ ಬಳಿಯುತ್ತಾನೆ. ಒಳಗೆ ಕೈ ಸೇರಿಸಿದರೆ ಮಸಿ ಕದಡಿ ಗುಟ್ಟು ರಟ್ಟಾಗಲಿ ಅಂತ. ನನ್ನ ಕೈಗೂ ಬಳಿದ. ಕಟಕಟೆಯ ಮೆಟ್ಟಿಲು ಹತ್ತಿ ನಿಂತೆ, ಪ್ರಮಾಣ ಮಾಡಿದೆ.

ಆಗ ಗೊತ್ತಾಯಿತು. ನಾನು ಓಡಿ ಬಂದಿದ್ದೆ.

ಕಾಲು ಹಗುರವಾಗಿತ್ತು. ಸೊಂಟ ತಣ್ಣಗಿತ್ತು. ತಿರುಗಿ ನೋಡಿದೆ. ದಾಕ್ಷಿ ಹೇಗೋ ಬಾಗಿಲು ದಾಟಿ ಹಿಂದಿನ ಬೆಂಚಿನ ತುದಿಗೆ ಬಂದು ಬಿದ್ದಿದ್ದಳು. ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಹಣೆಯಲ್ಲಿ ಬೆವರು. ನನ್ನ ಕಣ್ಣು ನೋಡಿ ತಲೆ ತಗ್ಗಿಸಿದಳು. ಜೀವನದಲ್ಲಿ ನೋವಿಗೆ ಅಂಜಿದ್ದೇನೆ, ಆದರೆ ನೋವು ಇಲ್ಲದ್ದಕ್ಕೆ ಅಷ್ಟು ಅಂಜಿದ್ದು ಅದೇ ಮೊದಲು.

ನ್ಯಾಯಾಧೀಶರು ಹೆಂಗಸು. ಮೊಣಕೈವರೆಗೆ ಬಿಳಿ ಕೈಗವುಸು ಹಾಕಿದ್ದರು. ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಇದ್ದರು.

"ಏನಮ್ಮ, ವಕೀಲರಿಲ್ವಾ?"

"ಇಲ್ಲ ಅಮ್ಮಾವ್ರೇ. ನಾನೇ."

"ಸರಿ, ಹೇಳಿ."

ಬಾಯಿಪಾಠ ಮಾಡಿದ್ದೆಲ್ಲ ಹೇಳಿದೆ. ಮೂಟೆ ಬಿದ್ದದ್ದು, ಕಾಲು ಮಡಚುವುದು, ಬೆಳಿಗ್ಗೆ ಏಳಲು ಕಿಟಕಿಯ ಸರಳು ಹಿಡಿಯುವುದು. ಹೇಳುತ್ತಾ ಹೇಳುತ್ತಾ ನನಗೇ ಅದು ಬೇರೆ ಯಾರದೋ ಕಥೆ ಅನ್ನಿಸತೊಡಗಿತು. ಎಲ್ಲಿಯೂ ಎಡವಲಿಲ್ಲ, ಅದೇ ಎಡವಟ್ಟಾಯಿತು. ಸರ್ಕಾರಿ ವಕೀಲ ಎದ್ದ. ಚಿಕ್ಕ ವಯಸ್ಸಿನವನು, ದನಿ ಎತ್ತರಿಸಲಿಲ್ಲ. ಅವನು ಗದರಿದ್ದರೆ ನಾನೂ ನಾಲ್ಕು ಮಾತು ಬಿಸಾಕುತ್ತಿದ್ದೆ. ಮೆತ್ತಗಿನವರ ಮುಂದೆ ನನ್ನ ನಾಲಿಗೆ ಏಳುವುದಿಲ್ಲ.

"ಅಮ್ಮಾ, ನೀವು ಕಟಕಟೆ ಹತ್ತಿದ್ದನ್ನ ನೋಡ್ದೆ. ಸುಸ್ತಾಗಿಲ್ಲ ಅಂದ್ರೆ ಆ ಕಿಟಕಿವರೆಗೂ ಒಂದ್ಸಲ ನಡೆದು ಬರ್ತೀರಾ?"

ಇಳಿದೆ. ಎಲ್ಲರ ಕಣ್ಣೂ ನನ್ನ ಪಾದದ ಮೇಲಿತ್ತು. ದೇವರೇ, ಕುಂಟಲು ನೋಡಿದೆ. ಇಷ್ಟು ಕಾಲ ಕುಂಟಿದವಳು, ಆ ಹೊತ್ತಿಗೆ ಕುಂಟುವುದು ಹೇಗೆಂದೇ ತಿಳಿಯಲಿಲ್ಲ. ಎಡಗಾಲು ಎಳೆದೆ, ಮೈ ಬಲಕ್ಕೆ ವಾಲಿಸಿದೆ, ಬಯಲಾಟದಲ್ಲಿ ಮುದುಕಿಯ ವೇಷ ಹಾಕಿದ ಹುಡುಗಿಯ ಹಾಗೆ. ಯಾರೋ ಕಿಸಕ್ಕೆಂದರು.

"ಸಾಕಮ್ಮ, ಬನ್ನಿ. ತೊಂದರೆ ತಗೋಬೇಡಿ" ಅಂದ ವಕೀಲ, ಬಹಳ ಮರ್ಯಾದೆಯಿಂದ. ನ್ಯಾಯಾಧೀಶರು ಪೆನ್ನು ತೆಗೆದುಕೊಂಡರು.

ಆಗ ಹಿಂದೆ ಧೊಪ್ಪನೆ ಸದ್ದಾಯಿತು. ದಾಕ್ಷಿ ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಿದ್ದಳು. ಅವಳ ಎಡಗಾಲು ನನ್ನ ಎಡಗಾಲು ಮಡಚುವ ಹಾಗೆಯೇ ಮಡಚಿಕೊಂಡಿತ್ತು. ಏಳಲು ಹೋಗಿ ಇನ್ನೊಮ್ಮೆ ಬಿದ್ದಳು. ಸೆರಗು ಬಾಯಿಂದ ಬಿದ್ದು, ಅಷ್ಟು ಹೊತ್ತು ತಡೆದಿದ್ದ ಕೂಗು ಹೊರಗೆ ಬಂತು.

"ಅದ್ಯಾರು?" ಅಂದರು ನ್ಯಾಯಾಧೀಶರು.

ಅವಳ ಹೆಸರು ನನ್ನ ಬಾಯಿಂದ ಬರಬಾರದೆಂದು ಕಟಕಟೆಯ ಕಡೆ ಮುಖ ತಿರುಗಿಸಿದೆ. ಆದರೆ ದಾಕ್ಷಿ ನೆಲದ ಮೇಲಿಂದಲೇ ಅಳುತ್ತಾ, "ನಿದ್ದೇಲಿ ನರಳ್ತಿದ್ರಿ ಅತ್ತಿಗೆ. ಎಷ್ಟು ಹೊತ್ತು ಅಂತ ನೋಡ್ಲಿ? ಕೈ ತಡೀಲಿಲ್ಲ" ಅಂದಳು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಬೋರ್ಡಿನ ಮೆಟ್ಟಿಲ ಕಥೆಯನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ.

ಸರ್ಕಾರಿ ವಕೀಲ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಇನ್ನೂ ಸುಲಭ. ಮನೆಯಲ್ಲಿ ಹೊರುವ ಕೈ ಇದೆ. ಇವರ ಹೆಸರು ರಿಜಿಸ್ಟರಿಗೆ ಸೇರಿಸೋಕೆ ಅಪ್ಪಣೆ ಆಗ್ಬೇಕು."

ರಿಜಿಸ್ಟರು ಅಂದದ್ದೇ ತಡ, ಎದುರು ಮನೆಯ ಸೊಸೆ ಗೋಡೆ ಹಿಡಿದು ನಡೆಯುವುದು ನನ್ನ ಕಣ್ಣ ಮುಂದೆ ಬಂತು. ಮುಂದೆ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಹಿಂದಿನ ಬೆಂಚಿಗೆ ಹೋದೆ. ಜವಾನ "ಏಯ್, ಕೈ ಮುಟ್ಬಾರ್ದು!" ಅಂತ ಕೂಗಿದ. ಮಸಿ ಹತ್ತಿದ ದಾಕ್ಷಿಯ ಅಂಗೈಯನ್ನು ಮಸಿ ಹತ್ತಿದ ನನ್ನ ಅಂಗೈಗೆ ಒತ್ತಿಕೊಂಡು, "ಕೊಡೇ ಇಲ್ಲಿ, ನನ್ನದು ನನಗೆ" ಅಂದೆ. ಬಂತು. ಕಾದ ಕಂಬಿ ತನ್ನ ದಾರಿ ಹುಡುಕಿಕೊಂಡು ಹೆಬ್ಬೆರಳಿನವರೆಗೆ ಬಂತು. ನಾನು ಕುಸಿದೆ, ಅವಳು ಎದ್ದು ನಿಂತಳು. ಕೋರ್ಟು ಪೂರಾ ನೋಡಿತು. ಈಗ ಯಾರೂ ಕಿಸಕ್ಕೆನ್ನಲಿಲ್ಲ.

ನ್ಯಾಯಾಧೀಶರು ಬಹಳ ಹೊತ್ತು ನನ್ನ ಕಾಲನ್ನೇ ನೋಡಿದರು. ಕೈಗವುಸಿನ ತುದಿಯನ್ನು ಎಳೆದು ಇನ್ನಷ್ಟು ಬಿಗಿ ಮಾಡಿಕೊಂಡರು.

"ನೋವಿರೋದು ನಿಜ. ನಾನೇ ಕಂಡೆ. ಆದ್ರೆ ಕಾನೂನು ಕೇಳೋದು ಇನ್ನೊಂದು ಪ್ರಶ್ನೆ. ಆ ಹುಡುಗೀನ ಕಟಕಟೆಗೆ ಕರೀರಿ."

ದಾಕ್ಷಿ ಹೋಗಿ ನಿಂತಳು. ಪ್ರಮಾಣ ಮಾಡಿದಳು. ನ್ಯಾಯಾಧೀಶರು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. "ನೋಡಮ್ಮ, ನಿಮ್ಮ ಅತ್ತಿಗೆ ನೋವು ಹೊರ್ತೀನಿ ಅಂದ್ರೆ ನಿನ್ನ ಹೆಸರು ರಿಜಿಸ್ಟರಿಗೆ ಬರುತ್ತೆ, ಅವರಿಗೆ ಮಾಸಾಶನ ಇಲ್ಲ. ಹೊರಲ್ಲ ಅಂದ್ರೆ ಮಾಸಾಶನ ಆಗುತ್ತೆ. ಆದ್ರೆ ಇಲ್ಲಿ ಆಡಿದ ಮಾತು ಏನು ಮಾಡುತ್ತೆ ಅಂತ ನಿನಗೂ ಗೊತ್ತು. ಯೋಚಿಸಿ ಹೇಳು."

ದಾಕ್ಷಿ ಯೋಚಿಸಲಿಲ್ಲ. "ಹೊರ್ತೀ..." ಅಂತ ಬಾಯಿ ತೆಗೆದಳು.

"ದಾಕ್ಷೀ!" ನಾನು ನೆಲದ ಮೇಲಿಂದ ಕಿರುಚಿದೆ. "ಹೊರಲ್ಲ ಅನ್ನು!"

"ನನ್ನ ಕೈಲಿ ಅನ್ನೋಕಾಗಲ್ಲ ಅತ್ತಿಗೆ."

"ಅನ್ನೇ. ನಿನ್ನ ಕಾಲು ನಿನ್ನ ಮಿಷನ್ನಿಗೆ ಬೇಕು ಕಣೇ. ಇಬ್ರೂ ಮೂಲೇಲಿ ಬಿದ್ರೆ ಬೇಯಿಸಿ ಹಾಕೋರು ಯಾರು? ಮಾಸಾಶನ ಬರ್ಲಿ, ನೋವು ನಾನು ನೋಡ್ಕೋತೀನಿ."

"ಭಾನುವಾರ?" ಅಂದಳು ಅವಳು. ಬರೀ ಅಷ್ಟೇ. ಕೋರ್ಟಿನಲ್ಲಿ ಬೇರೆ ಯಾರಿಗೂ ಅದರ ಅರ್ಥ ಆಗಲಿಲ್ಲ.

ನಾನು ದೊಡ್ಡ ಮನಸ್ಸಿನವಳು ಅಂತ ಯಾರೂ ತಿಳಿಯಬಾರದು. ಬಾಯಲ್ಲಿ "ಹೊರಲ್ಲ ಅನ್ನು" ಅನ್ನುತ್ತಿದ್ದೆ, ಒಳಗೆ ಒಂದು ದನಿ ಬೇಡ ಬೇಡ ಅಂತ ಗೋಗರೆಯುತ್ತಿತ್ತು. ಬೇಡ ದಾಕ್ಷಿ, ಆ ಒಂದು ಮಧ್ಯಾಹ್ನವನ್ನಾದರೂ ಉಳಿಸು, ಇನ್ನು ಸಾಯುವವರೆಗೆ ನಾನೊಬ್ಬಳೇ ಇದರ ಜೊತೆ ಹೇಗಿರಲಿ ಅಂತ. ಆ ದನಿ ಎಲ್ಲಿ ಹೊರಗೆ ಬಂದುಬಿಡುತ್ತದೋ ಅಂತ ಇನ್ನಷ್ಟು ಗಟ್ಟಿಯಾಗಿ ಬೈದೆ.

"ಏನು ಭಾನುವಾರ? ನಿನ್ನ ಮೆಣಸಿನಕಾಯಿ ಖರ್ಚಾದ್ರೂ ಉಳಿಯುತ್ತೆ. ಹೇಳೇ ಮುಂಡೇದೆ!"

ದಾಕ್ಷಿ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದಳು. ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡಿದಳು.

"ನಾನು ಹೊರಲ್ಲ" ಅಂದಳು. "ನಮ್ಮತ್ತಿಗೆ ನೋವು ನಾನು ಹೊರಲ್ಲ."

ನನ್ನ ಅಂಗೈಯಲ್ಲಿ ಹೊಲಿಗೆಯ ದಾರ ಕಡಿದ ಹಾಗೆ ಏನೋ ಚಿಟ್ಟಂದಿತು. ನ್ಯಾಯಾಧೀಶರು ಬರೆದರು, ಸಹಿ ಹಾಕಿದರು, ಅರ್ಜಿ ಮಂಜೂರು ಅಂದರು. ಸರ್ಕಾರಿ ವಕೀಲ ನಮ್ಮ ಕಡೆ ತಿರುಗಿ ಕೈ ಮುಗಿದ. ನ್ಯಾಯಾಧೀಶರು ಮೂಗು ಒರೆಸಿಕೊಂಡು ಮುಂದಿನ ಕೇಸು ಕರೆದರು.

ಹೊರಗೆ ಬರುವಾಗ ದಾಕ್ಷಿಯ ಭುಜದ ಮೇಲೆ ಕೈ ಹಾಕಿ ಒಂದೊಂದೇ ಮೆಟ್ಟಿಲು ಇಳಿದೆ. ಕೊನೆಯ ಮೆಟ್ಟಿಲಲ್ಲಿ ಕಾಲು ಮಡಚಿತು. ಅವಳು ಅಭ್ಯಾಸಬಲದಿಂದ ಗಬಕ್ಕನೆ ನನ್ನ ಅಂಗೈ ಹಿಡಿದು "ಕೊಡಿ ಇಲ್ಲಿ" ಅಂದಳು. ಅಂದ ಮೇಲೆ ನೆನಪಾಯಿತು. ಇಬ್ಬರೂ ನಮ್ಮ ನೀಲಿ ಕೈಗಳನ್ನು ನೋಡುತ್ತಾ ನಿಂತೆವು. ನೋವು ಇದ್ದಲ್ಲೇ ಇತ್ತು. ಜಟಕಾದವನು "ಬರ್ತೀರೇನಮ್ಮ?" ಅಂತ ಕೇಳಿದ ಮೇಲೆ ಅಲ್ಲಿಂದ ಹೊರಟೆವು.

ಭಾನುವಾರ ಬಾರದೆ ಇರಲಿ ಅಂತ ಹರಕೆ ಹೊತ್ತವಳು ಊರಿಗೆಲ್ಲ ನಾನೊಬ್ಬಳೇ ಇರಬೇಕು. ಬಂತು. ಊಟವಾದ ಮೇಲೆ ಏನು ಮಾಡಬೇಕೆಂದು ತೋಚದೆ ಚಾಪೆ ಹಾಸಿಕೊಂಡೆ. ದಾಕ್ಷಿಯೂ ಏನು ಮಾಡಬೇಕೆಂದು ತೋಚದೆ ಬಂದು ಪಕ್ಕದಲ್ಲಿ ಕೂತಳು. ಗೋಡೆಗೊರಗಿದಳು. ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು, ಆ ಮಾತು ಆಡಲಿಲ್ಲ. ಸೊಂಟ ಉರಿಯುತ್ತಿತ್ತು. ಇನ್ನು ಎಷ್ಟು ಭಾನುವಾರಗಳಿವೆಯೋ ಅಂತ ನೆನೆಸಿಕೊಂಡೆ, ನನ್ನ ಅಂಜಿಕೆ ಅವಳಿಗೆ ಕಾಣಬಾರದೆಂದು ಮುಖ ಆಚೆ ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಅವಳ ಹಿಡಿತ ಸಡಿಲವಾಯಿತು. ತಿರುಗಿ ನೋಡಿದರೆ ಬಾಯಿ ಅರ್ಧ ತೆರೆದು, ತಲೆ ಭುಜಕ್ಕೆ ವಾಲಿ, ದಾಕ್ಷಿ ಗಾಢ ನಿದ್ದೆಯಲ್ಲಿದ್ದಳು. ಮೂಟೆ ಬಿದ್ದಂದಿನಿಂದ ಅವಳು ಒಂದು ಭಾನುವಾರ ಮಧ್ಯಾಹ್ನವೂ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಕಾಲು ಚಾಚಬೇಕು ಅನ್ನಿಸಿತು, ಚಾಚಿದರೆ ಅವಳಿಗೆ ಎಚ್ಚರವಾಗುತ್ತದೆ. ಕಾಲು ಮಡಚಿಕೊಂಡೇ, ಅವಳ ಕೈ ಹಿಡಿದುಕೊಂಡು, ಸಂಜೆಯವರೆಗೆ ನಾನು ಎಚ್ಚರವಾಗಿ ಕೂತಿದ್ದೆ.